ಮನೆಯ ಜೇನಿಗೆ ನೋಂದಣಿ ಮಾಡಿಸಿದ ಬಗೆ

ಶಿರಸಿ ಸೀಮೆಯ ನಮ್ಮ ತೋಟದ ತುಡುವೆ ಜೇನನ್ನು 2022ರಲ್ಲಿ ಬಾಟಲಿಗೆ ತುಂಬಿ ಮಾರಲು ಹೊರಟಾಗ, ಮಧ್ಯವರ್ತಿಯೊಬ್ಬರು ತಯಾರಕರ ಪರವಾನಗಿಯೇ ಬೇಕೆಂದು ಹೇಳಿ ಸಾವಿರಾರು ರೂಪಾಯಿ ಕೇಳಿದರು. ಆಹಾರ ಸುರಕ್ಷತಾ ಕಾಯ್ದೆಯ 31ನೇ ಕಲಮನ್ನೂ ಅದರಡಿಯ ನಿಬಂಧನೆಗಳನ್ನೂ ನಾನೇ ಓದಿ ನೋಡಿದಾಗ, ಸಣ್ಣ ಉತ್ಪಾದಕರಿಗೆ ಪರವಾನಗಿಯಿಂದ ವಿನಾಯಿತಿ ಇದೆಯೆಂದೂ, ವಾರ್ಷಿಕ ವಹಿವಾಟು ಆಗಿನ ಮಿತಿಯಾದ 12 ಲಕ್ಷ ರೂಪಾಯಿ ಮೀರದಿದ್ದರೆ ನೋಂದಣಿಯಷ್ಟೇ ಸಾಕೆಂದೂ ತಿಳಿಯಿತು. ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಜಾಲತಾಣವಾದ ಫಾಸ್ಕಾಸ್‌ನಲ್ಲಿ ‘ಎ’ ನಮೂನೆ ತುಂಬಿ, ಭಾವಚಿತ್ರ ಮತ್ತು ಗುರುತಿನ ಚೀಟಿ ಲಗತ್ತಿಸಿ, ವರ್ಷಕ್ಕೆ 100 ರೂಪಾಯಿಯಂತೆ ಶುಲ್ಕ ಕಟ್ಟಿದೆ. ಬಂದ 14 ಅಂಕಿಗಳ ಸಂಖ್ಯೆಯನ್ನು ಲೇಬಲ್ಲಿನ ಮೇಲೆ ಅಚ್ಚು ಹಾಕಿಸಿದೆ. ಗುಣಮಟ್ಟದಲ್ಲಿ ಮಾತ್ರ ಯಾವ ರಿಯಾಯಿತಿಯೂ ಇಲ್ಲ, ಇರಲೂಬಾರದು. ತೇವಾಂಶ ಶೇ. 20 ದಾಟುವಂತಿಲ್ಲವಾದ್ದರಿಂದ, ನೀರಿನಂಶ ಇಳಿದು ಜೇನು ಮಾಗಿದ ಮೇಲೆ ಹುಳುಗಳು ಮೇಣದ ಮುಚ್ಚಳ ಕಟ್ಟಿದ ಎರಿಗಳನ್ನಷ್ಟೇ ಈಗ ಜೇನು ತೆಗೆಯುವ ಯಂತ್ರಕ್ಕೆ ಇಳಿಸುತ್ತೇನೆ.