ಹಳೇ ಪುಸ್ತಕ ಸ್ಕ್ಯಾನ್ ಮಾಡಿ ಗ್ರೂಪಿಗೆ ಹಾಕೋ ಮುಂಚೆ

ಅಟ್ಟದ ಮೇಲೆ ತಾತನ ಪುಸ್ತಕ ಸಿಕ್ತು, ಫೋನಲ್ಲೇ ಸ್ಕ್ಯಾನ್ ಮಾಡಿ ಗ್ರೂಪಿಗೆ ಹಾಕ್ಬಿಡೋಣ ಅನ್ಸುತ್ತಲ್ವಾ, ಒಂದ್ನಿಮಿಷ ತಡೀರಿ. ಹಾಳೆ ಹಳದಿ ಆಗಿದೆ ಅಂದ ಮಾತ್ರಕ್ಕೆ ಅದರ ಹಕ್ಕು (ಕಾಪಿರೈಟ್) ಮುಗಿದಿರಲ್ಲ.

ಅಚ್ಚಾದ ಇಸವಿ ಬಿಡಿ, ಬರೆದವ್ರು ತೀರ್ಕೊಂಡ ಇಸವಿ ಹುಡುಕಿ, ಅದಕ್ಕೆ 60 ಕೂಡ್ಸಿ, ಬಂದ ವರ್ಷದ ಡಿಸೆಂಬರ್ 31ರ ತನಕ ಹಕ್ಕು ಇರುತ್ತೆ. ಬಿ.ಎಂ.ಶ್ರೀ ಹೋಗಿದ್ದು 1946ರಲ್ಲಿ, ಸೋ 2007ರಿಂದ ಯಾರು ಬೇಕಾದ್ರೂ ಹಾಕ್ಬಹುದು. ಡಿವಿಜಿ 1975, ಅಂದ್ರೆ 2035 ಮುಗೀಬೇಕು. ಕುವೆಂಪು 1994, ಲೆಕ್ಕ ನೀವೇ ಹಾಕಿ, ನಾನಂತೂ ಆಗ ಕನ್ನಡಕ ಹುಡುಕ್ತಾ ಕೂತಿರ್ತೀನಿ. ಮುಂಚೆ ಇದು 50 ವರ್ಷ ಇತ್ತು, ಟಾಗೋರರ ಹಕ್ಕು 1991ರ ಕೊನೆಗೆ ಮುಗಿಯೋದ್ರಲ್ಲಿತ್ತು, ಆಗ 60 ಮಾಡಿದ್ರು. ನನ್ನ ಕೇಳಿದ್ರೆ 50ಏ ಜಾಸ್ತಿ.

ಅನುವಾದ ಆಗಿದ್ರೆ ಅನುವಾದಕರ ಇಸವಿನೂ ನೋಡಿ, ಅವ್ರ ಹಕ್ಕು ಬೇರೆ. ಲೇಖಕರು ಹೋದ್ಮೇಲೆ ಮೊದಲ ಸಲ ಅಚ್ಚಾಗಿದ್ರೆ ಪ್ರಕಟಣೆ ವರ್ಷದಿಂದ 60.

ಹಕ್ಕಿದೆ ಆದ್ರೆ ಅಂಗಡೀಲಿ ಪುಸ್ತಕನೇ ಇಲ್ಲ ಅಂದ್ರೆ? ಮನೆಯವ್ರನ್ನ ಕೇಳಿ, ಕೇಳಿದ್ರೆ ಕೊಡೋರೂ ಇದಾರೆ, ನಿರಂಜನರ ಪುಸ್ತಕಗಳನ್ನ ಮನೆಯವ್ರೇ ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸಲ್ಲಿ, ಅಂದ್ರೆ ಯಾರು ಬೇಕಾದ್ರೂ ಹಂಚ್ಕೋಬಹುದು ಅನ್ನೋ ಒಪ್ಪಿಗೇಲಿ, ಬಿಟ್ಕೊಟ್ರು. ಆದ್ರೆ ಹೋದ ವರ್ಷ ಬಂದ ಕಾದಂಬರಿಗೆ "ಪಿಡಿಎಫ್ ಇದ್ಯಾ ಗುರು" ಅನ್ನೋರು ಒಂದ್ಸಲ ಒಳಪುಟ ತೆಗೆದು ನೋಡಿ, "ಪ್ರತಿಗಳು: 1000" ಅಂತಿರುತ್ತೆ, ಅಷ್ಟರಲ್ಲಿ ನೂರರ ಮಾರಾಟ ನಿಮ್ಮ ಗ್ರೂಪಿಂದ್ಲೇ ತಪ್ಪಿಹೋದ್ರೆ ಆ ಪ್ರಕಾಶಕ ಎರಡನೇ ಮುದ್ರಣ ಯಾಕೆ ಹಾಕ್ತಾನೆ?

ಇನ್ನು ದುಡ್ಡು ಕೊಟ್ಟು ತಗೊಂಡ ಇ-ಬುಕ್ಕಿನ ಬೀಗದ ವಿಷ್ಯ, ಅಂದ್ರೆ ಕಾಪಿ ಮಾಡೋಕೆ ಬಿಡದ ಸಾಫ್ಟ್‌ವೇರ್ ತಡೆ. ಹಕ್ಕು ಮುರಿಯೋ ಉದ್ದೇಶದಿಂದ ಬೀಗ ಒಡೆದ್ರೆ ಕಾಪಿರೈಟ್ ಕಾನೂನಿನ 2012ರ ತಿದ್ದುಪಡಿಯ ಸೆಕ್ಷನ್ 65ಎ ಪ್ರಕಾರ 2 ವರ್ಷದ ತನಕ ಜೈಲು ಪ್ಲಸ್ ದಂಡ. ಅದೇ ಸೆಕ್ಷನ್ನಲ್ಲಿ, ಕಾಪಿರೈಟ್ ಕಾನೂನು ಬೇಡ ಅನ್ನದೇ ಇರೋ ಕೆಲಸಕ್ಕೆ ಒಡೆದ್ರೆ ತಪ್ಪಲ್ಲ ಅಂತನೂ ಇದೆ, ಇದನ್ನ ಯಾರೂ ಹೇಳಲ್ಲ. ಕಣ್ಣು ಕಾಣದ ಸ್ನೇಹಿತರಿಗೆ ಸ್ಕ್ರೀನ್ ರೀಡರ್ ಓದೋ ಥರ ಪುಸ್ತಕ ಬದಲಾಯಿಸಿ ಕೊಡೋಕೆ 52ನೇ ಸೆಕ್ಷನ್ನಲ್ಲಿ ಅವಕಾಶ ಇದೆ, ಲಾಭ ಮಾಡ್ಕೋಬಾರ್ದು ಅಷ್ಟೇ. ಬೀಗ ತೆಗೆಯೋಕೆ ಬೇರೆಯವ್ರಿಗೆ ನೀವು ಹೆಲ್ಪ್ ಮಾಡ್ತಿದ್ರೆ ಮಾತ್ರ ಅವ್ರ ಹೆಸ್ರು, ವಿಳಾಸ, ಯಾವುದಕ್ಕೆ ಅನ್ನೋದನ್ನ ಬರೆದಿಟ್ಕೋಬೇಕು, ಕಾನೂನೇ ಕೇಳುತ್ತೆ. ನಾನು ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಹಾಳೇಲಿ ಬರೆದಿಟ್ಟಿದೀನಿ.