ಪಂಪ್ ಕಂಪನಿಗೆ ಆಪ್ ಯೋಜನೆ: ಮೊದಲು ಮೆಕ್ಯಾನಿಕ್, ಆಮೇಲೆ ಉಳಿದವರು

ನಾನು ಕೆಲಸ ಮಾಡುವುದು ಪಂಪ್‌ಸೆಟ್ ಮತ್ತು ಪೈಪ್ ತಯಾರಿಸುವ ದೊಡ್ಡ ಕಂಪನಿಯಲ್ಲಿ. ಕರ್ನಾಟಕದ ಎಲ್ಲ ಜಿಲ್ಲೆಗಳಲ್ಲೂ ನಮ್ಮ ಡೀಲರ್‌ಗಳಿದ್ದಾರೆ. ಅವರ ಕೆಳಗೆ ಸಣ್ಣ ಅಂಗಡಿಯವರು, ಜೊತೆಗೆ ಸರ್ವಿಸ್ ಮೆಕ್ಯಾನಿಕ್‌ಗಳು, ನಮ್ಮದೇ ಸೇಲ್ಸ್ ಹುಡುಗರು, ಕೊನೆಗೆ ಬೋರ್‌ವೆಲ್‌ಗೆ ಮೋಟರ್ ಇಳಿಸುವ ರೈತರು. ಇಷ್ಟೂ ಜನಕ್ಕೆ ಮೊಬೈಲಿನಲ್ಲಿ ಏನು ಕೊಡಬೇಕು, ಏನು ಕೊಡಬಾರದು ಅಂತ ಒಂದು ಯೋಜನೆ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಅದನ್ನು ಹೇಗೆ ಮಾಡಿದೆವು ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ. ದೊಡ್ಡ ಕಂಪನಿಗಳಲ್ಲಿ ಇದೇ ಕೆಲಸಕ್ಕೆ ಕೈ ಹಾಕಿದವರಿಗೆ ಉಪಯೋಗವಾಗಲಿ.

ಹೊಸ ಆಪ್ ಬಗ್ಗೆ ಮಾತೆತ್ತುವ ಮೊದಲು ಇರುವ ಆಪ್‌ಗಳ ಪಟ್ಟಿ ಮಾಡಿದೆ. ದೊಡ್ಡ ಕಂಪನಿಯಲ್ಲಿ ಪ್ರತಿ ವಿಭಾಗವೂ ಯಾವುದೋ ಕಾಲದಲ್ಲಿ ಒಂದು ಆಪ್ ಮಾಡಿಸಿಕೊಂಡಿರುತ್ತದೆ. ಸೇಲ್ಸ್‌ಗೆ ಒಂದು, ಹಾಜರಿಗೆ ಒಂದು, ಡೀಲರ್ ಸಮಾವೇಶಕ್ಕೆ ಅಂತ ಮಾಡಿಸಿ ಮರೆತದ್ದು ಇನ್ನೊಂದು. ಒಂದು ಎಕ್ಸೆಲ್ ಹಾಳೆ ತೆರೆದು ಪ್ರತಿ ಆಪ್‌ನ ಮುಂದೆ ಬರೆಯುತ್ತಾ ಹೋದೆ: ಯಾರು ಬಳಸುತ್ತಾರೆ, ಯಾವ ಕೆಲಸಕ್ಕೆ, ಮಾಡಿದವರು ಯಾರು, ಪ್ಲೇ ಸ್ಟೋರಿನಲ್ಲಿ ಯಾರ ಖಾತೆಯಲ್ಲಿದೆ, ಸಹಿ ಕೀಲಿ ಯಾರ ಹತ್ತಿರ ಇದೆ, ಕೊನೆಯ ಅಪ್‌ಡೇಟ್ ಯಾವಾಗ.

ಸಹಿ ಕೀಲಿಯ ಕಾಲಂ ತುಂಬಲು ಹೋದಾಗಲೇ ನಿಜವಾದ ಸ್ಥಿತಿ ಗೊತ್ತಾಗಿದ್ದು. ಆಂಡ್ರಾಯ್ಡ್ ಆಪ್‌ಗೆ ಒಂದು ಡಿಜಿಟಲ್ ಕೀಲಿಯಿಂದ ಸಹಿ ಹಾಕಬೇಕು. ಮುಂದಿನ ಅಪ್‌ಡೇಟ್‌ಗಳಿಗೂ ಅದೇ ಕೀಲಿ ಬೇಕು. 2021ರ ಆಗಸ್ಟ್‌ನಿಂದ ಪ್ಲೇ ಸ್ಟೋರಿಗೆ ಬರುವ ಹೊಸ ಆಪ್‌ಗಳು ಬಂಡಲ್ (ಆಪ್‌ನ ಎಲ್ಲ ಭಾಗಗಳನ್ನೂ ಸೇರಿಸಿದ ಒಂದು ಕಟ್ಟು) ರೂಪದಲ್ಲೇ ಹೋಗಬೇಕು, ಮುಖ್ಯ ಕೀಲಿಯನ್ನು ಗೂಗಲ್ ಕಾಪಾಡುತ್ತದೆ. ಆಪ್ ಅನ್ನು ಗೂಗಲ್‌ಗೆ ಕಳಿಸಲು ನಮ್ಮ ಹತ್ತಿರ ಇರುವ ಅಪ್‌ಲೋಡ್ ಕೀಲಿ ಕಳೆದರೂ ಬೇರೆ ಮಾಡಿಸಿಕೊಳ್ಳಬಹುದು. ಅದಕ್ಕೂ ಹಳೆಯ, ಆ ವ್ಯವಸ್ಥೆಗೆ ಸೇರದ ಆಪ್ ಆದರೆ ಕೀಲಿ ಕಳೆದ ದಿನವೇ ಅದರ ಕಥೆ ಮುಗಿಯಿತು. ನಮ್ಮ ಒಂದು ಆಪ್ ಹೀಗೇ ಆಗಿತ್ತು. ಮಾಡಿಕೊಟ್ಟ ಸಣ್ಣ ಸಂಸ್ಥೆ ಬಾಗಿಲು ಹಾಕಿತ್ತು, ಖಾತೆ ಅವರ ಹೆಸರಿನಲ್ಲಿತ್ತು, ಕೀಲಿಯ ಫೈಲ್ ಯಾರ ಕಂಪ್ಯೂಟರಿನಲ್ಲೂ ಸಿಗಲಿಲ್ಲ. ಜನರ ಫೋನಿನಲ್ಲಿ ಆಪ್ ಇದೆ, ಆದರೆ ಅದರಲ್ಲಿ ಒಂದು ಅಕ್ಷರ ಬದಲಿಸಲೂ ಆಗದು. ಬೇರೆ ಪ್ಯಾಕೇಜ್ ಹೆಸರಿನಲ್ಲಿ (ಸ್ಟೋರ್ ಮತ್ತು ಫೋನ್ ಆಪ್ ಅನ್ನು ಗುರುತಿಸುವ ಹೆಸರು) ಹೊಸದಾಗಿ ಹಾಕಿ, ಎಲ್ಲರಿಗೂ ಹಳೆಯದನ್ನು ತೆಗೆದು ಹೊಸದನ್ನು ಹಾಕಿಕೊಳ್ಳಿ ಅಂತ ಹೇಳಬೇಕಾಯಿತು.

ಹಾಗಾಗಿ ನಮ್ಮ ಯೋಜನೆಯ ಮೊದಲ ಪುಟದಲ್ಲಿ ಆಪ್‌ನ ಚಿತ್ರಗಳಿಲ್ಲ. ಎಲ್ಲ ಆಪ್ ಕಂಪನಿಯ ಖಾತೆಯಲ್ಲೇ ಇರಬೇಕು, ಕೀಲಿ ಮತ್ತು ಸೋರ್ಸ್ ಕೋಡ್ ಕಂಪನಿಯ ಹತ್ತಿರ ಇರಬೇಕು, ಗುತ್ತಿಗೆ ಪತ್ರದಲ್ಲೇ ಅದನ್ನು ಬರೆಯಬೇಕು ಅಂತ ಇದೆ. ಪ್ಲೇ ಸ್ಟೋರ್ ಖಾತೆಗೆ ಒಂದೇ ಸಲ 25 ಡಾಲರ್, ಆ್ಯಪಲ್‌ಗೆ ವರ್ಷಕ್ಕೆ 99 ಡಾಲರ್. ದೊಡ್ಡ ಕಂಪನಿಗೆ ಇದು ಲೆಕ್ಕಕ್ಕೇ ಇಲ್ಲದ ಮೊತ್ತ. ಆದರೂ ಎಷ್ಟೋ ಕಡೆ ಖಾತೆ ಇನ್ನೂ ವೆಂಡರ್ ಹೆಸರಿನಲ್ಲೇ ಇರುತ್ತದೆ.

ಆಮೇಲೆ ಬಂದದ್ದು ಯಾರಿಗೆ ಮೊದಲು ಅನ್ನುವ ಪ್ರಶ್ನೆ. ಮೇಲಿನವರ ಮನಸ್ಸಿನಲ್ಲಿ ಇದ್ದದ್ದು ರೈತರ ಆಪ್. ಜಾಹೀರಾತಿಗೆ ಚೆನ್ನಾಗಿರುತ್ತದೆ, ಡೌನ್‌ಲೋಡ್ ಸಂಖ್ಯೆ ದೊಡ್ಡದಾಗಿ ತೋರಿಸಬಹುದು. ನಾನು ಅದನ್ನು ಗಟ್ಟಿಯಾಗಿ ವಿರೋಧಿಸಿದೆ. ರೈತ ಒಮ್ಮೆ ಮೋಟರ್ ಕೊಂಡರೆ ವರ್ಷಗಟ್ಟಲೆ ನಮ್ಮ ನೆನಪೇ ಬರಬಾರದು, ಅಷ್ಟು ಚೆನ್ನಾಗಿ ಅದು ಓಡಬೇಕು. ಅಂಥವರ ಫೋನಿನಲ್ಲಿ ನಮ್ಮ ಆಪ್ ಸುಮ್ನೆ ಯಾಕೆ ಕೂತಿರಬೇಕು? ಸಭೆಯಲ್ಲಿ ನಾನು ಮಿಂತ್ರಾದ ಉದಾಹರಣೆ ಇಟ್ಟೆ. ಆನ್‌ಲೈನ್‌ನಲ್ಲಿ ಬಟ್ಟೆ ಮಾರುವ, ಬೆಂಗಳೂರಿನದೇ ಕಂಪನಿ. 2015ರ ಮೇ ತಿಂಗಳಲ್ಲಿ ವೆಬ್‌ಸೈಟ್ ಮುಚ್ಚಿ ಬರೀ ಆಪ್ ಅಂತ ಹೊರಟರು. 2016ರಲ್ಲಿ ಮೊದಲು ಮೊಬೈಲ್ ಸೈಟ್, ಆಮೇಲೆ ಡೆಸ್ಕ್‌ಟಾಪ್ ಸೈಟ್ ಎರಡನ್ನೂ ವಾಪಸ್ ತೆರೆದರು. ಮತ್ತೆ ಮತ್ತೆ ಬಟ್ಟೆ ಕೊಳ್ಳುವ ಗಿರಾಕಿಯನ್ನೇ ಆಪ್‌ಗೆ ಕಟ್ಟಿಹಾಕಲು ಆಗಲಿಲ್ಲ ಅಂದಮೇಲೆ ಪಂಪ್ ಕೊಳ್ಳುವವರನ್ನು ಹೇಗೆ ಕಟ್ಟಿಹಾಕುವುದು, ಅಲ್ವಾ? ರೈತರಿಗೆ ಆಪ್ ಬೇಡ, ಡಬ್ಬದ ಮೇಲೆ ಒಂದು ಕ್ಯೂಆರ್ ಕೋಡ್ ಸಾಕು ಎಂದು ತೀರ್ಮಾನವಾಯಿತು. ಅದು ಕನ್ನಡದ ಒಂದು ವೆಬ್ ಪುಟ ತೆರೆಯುತ್ತದೆ: ವಾರಂಟಿ ನೋಂದಣಿ, ಹತ್ತಿರದ ಮೆಕ್ಯಾನಿಕ್, ಸಹಾಯವಾಣಿ, ವಾಟ್ಸಾಪ್ ನಂಬರ್. ಅಷ್ಟೇ.

ಹಾಗಾದರೆ ಮೊದಲ ಆಪ್ ಯಾರಿಗೆ? ಇದಕ್ಕೆ ಉತ್ತರ ಸಿಕ್ಕಿದ್ದು ಕಚೇರಿಯಲ್ಲಲ್ಲ. ಬ್ಯಾಡಗಿ ಹತ್ತಿರದ ಒಂದು ಮೆಣಸಿನಕಾಯಿ ಹೊಲದಲ್ಲಿ ಮೆಕ್ಯಾನಿಕ್ ಒಬ್ಬರ ಜೊತೆ ನಿಂತಿದ್ದೆ. ಸುಟ್ಟ ಸಬ್‌ಮರ್ಸಿಬಲ್ ಮೋಟರನ್ನು ಮೇಲೆತ್ತಿದ್ದರು. ಬೋರಿನ ಕೆಸರು ಮೆತ್ತಿ ನಂಬರ್ ಪ್ಲೇಟ್ ಕಾಣುತ್ತಲೇ ಇರಲಿಲ್ಲ. ಅವರು ಬಟ್ಟೆಯಿಂದ ಉಜ್ಜಿ, ಉಗುರಿನಿಂದ ಕೆರೆದು ಸೀರಿಯಲ್ ನಂಬರ್ ಓದಿ, ಕಾರ್ಬನ್ ಹಾಳೆಯ ವಾರಂಟಿ ಕ್ಲೇಮ್ ಫಾರಂನಲ್ಲಿ ಬರೆದರು. ಫೋಟೋ ತೆಗೆದು ವಾಟ್ಸಾಪ್‌ಗೆ ಹಾಕಿದರು, ಅದು ಹೋಗಲಿಲ್ಲ. "ಇಲ್ಲಿ ನೆಟ್‌ವರ್ಕ್ ಸಿಗಂಗಿಲ್ರೀ ಸರ್. ಊರಿಗೆ ಹೋಗಿ ಕಳಸ್ತೇನ್ರಿ" ಅಂದರು. ಆ ಫಾರಂ ಡೀಲರ್ ಅಂಗಡಿಗೆ ಹೋಗುತ್ತದೆ. ಅಲ್ಲಿ ಒಂದಿಷ್ಟು ಫಾರಂ ಸೇರಿದ ಮೇಲೆ ಕೊರಿಯರ್‌ನಲ್ಲಿ ನಮ್ಮ ಪ್ರಾದೇಶಿಕ ಕಚೇರಿಗೆ ಬರುತ್ತದೆ. ಅಲ್ಲಿ ಒಬ್ಬರು ಕೂತು ಅದನ್ನು ಟೈಪ್ ಮಾಡುತ್ತಾರೆ. ಒಂದು ಅಂಕಿ ತಪ್ಪಿದರೆ ಕ್ಲೇಮ್, ಅಂದರೆ ವಾರಂಟಿ ಕೆಲಸದ ದುಡ್ಡು ಕೇಳುವ ಅರ್ಜಿ, ವಾಪಸ್. ಅಷ್ಟು ದಿನವೂ ಬೈಕಿನ ಪೆಟ್ರೋಲ್ ಮೆಕ್ಯಾನಿಕ್ ಕೈಯಿಂದಲೇ ಹೋಗಿರುತ್ತದೆ.

ಈ ಸರಣಿಯನ್ನು ಒಂದು ಹಾಳೆಯಲ್ಲಿ ಚಿತ್ರವಾಗಿ ಬರೆದು ಮೇಲಿನವರ ಮುಂದೆ ಇಟ್ಟೆ. ರೈತ ನಮ್ಮ ಬ್ರ್ಯಾಂಡ್ ಬಗ್ಗೆ ಏನು ಅಂದುಕೊಳ್ಳುತ್ತಾನೆ ಅನ್ನುವುದು ಆ ಮೆಕ್ಯಾನಿಕ್ ಎಷ್ಟು ಬೇಗ ಬರುತ್ತಾನೆ ಅನ್ನುವುದರ ಮೇಲೆ ನಿಂತಿದೆ. ನಾವು ಕೊಡಬೇಕಾದ ದುಡ್ಡು ತಡವಾಗಿ ಬಂದರೆ ಅವನು ಬೇರೆ ಕಂಪನಿಯ ಕರೆಗೆ ಮೊದಲು ಓಡುತ್ತಾನೆ. ಹಾಗಾಗಿ ಮೊದಲ ಆಪ್ ಮೆಕ್ಯಾನಿಕ್‌ಗೆ, ಅದರಲ್ಲಿ ಒಂದೇ ಕೆಲಸ: ವಾರಂಟಿ ಕ್ಲೇಮ್. ನೋಟಿಸ್ ಬೋರ್ಡ್, ಬಹುಮಾನದ ಪಾಯಿಂಟ್, ಕಂಪನಿ ಸುದ್ದಿ ಯಾವುದೂ ಬೇಡ.

ಈ ಆಪ್‌ನಲ್ಲಿ ನಾವು ಹೆಚ್ಚು ಸಮಯ ಕೊಟ್ಟಿದ್ದು ನೆಟ್‌ವರ್ಕ್ ಇಲ್ಲದ ಹೊತ್ತಿಗೆ. ಕ್ಲೇಮ್ ತುಂಬಿದ ಕೂಡಲೇ ಅದು ಫೋನಿನ ಡೇಟಾಬೇಸ್‌ನಲ್ಲಿ ಉಳಿಯುತ್ತದೆ. ಫೋಟೋ ಕೆಲವು ಎಂಬಿಯಿಂದ ಕೆಲವು ನೂರು ಕೆಬಿಗೆ ಇಳಿಯುತ್ತದೆ. ಕ್ಲೇಮ್ ನಂಬರನ್ನು ಸರ್ವರ್ ಕೊಡುವುದಿಲ್ಲ, ಫೋನೇ ಹುಟ್ಟಿಸುತ್ತದೆ. ಇದು ಸಣ್ಣ ವಿಷಯ ಅನ್ನಿಸಬಹುದು, ಆದರೆ ಬಹಳ ಮುಖ್ಯ. ಅರ್ಧಂಬರ್ಧ ಸಿಗ್ನಲ್‌ನಲ್ಲಿ ಕ್ಲೇಮ್ ಸರ್ವರ್‌ಗೆ ತಲುಪಿರುತ್ತದೆ, ಆದರೆ ತಲುಪಿದೆ ಅನ್ನುವ ಉತ್ತರ ಫೋನಿಗೆ ಬಂದಿರುವುದಿಲ್ಲ. ಫೋನ್ ಮತ್ತೆ ಕಳಿಸುತ್ತದೆ. ನಂಬರ್ ಒಂದೇ ಆಗಿದ್ದರೆ ಸರ್ವರ್ ಎರಡನೆಯದನ್ನು ಹೊಸ ಕ್ಲೇಮ್ ಅಂತ ತಿಳಿಯುವುದಿಲ್ಲ. ಇಲ್ಲದಿದ್ದರೆ ಒಂದೇ ಮೋಟರಿಗೆ ಎರಡು ಕ್ಲೇಮ್ ಬಿದ್ದು, ಲೆಕ್ಕ ವಿಭಾಗದವರು ಪಾಪದ ಮೆಕ್ಯಾನಿಕ್ ಮೇಲೆ ಅನುಮಾನ ಪಡುತ್ತಾರೆ.

ಕಡಿಮೆ ಬೆಲೆಯ ಎಷ್ಟೋ ಫೋನುಗಳು ಬ್ಯಾಟರಿ ಉಳಿಸಲು ಹಿನ್ನೆಲೆಯ ಕೆಲಸಗಳನ್ನು ನಿಲ್ಲಿಸಿಬಿಡುತ್ತವೆ. ಅದಕ್ಕೆ ಆಪ್ ತೆರೆದಾಗಲೆಲ್ಲ ಬಾಕಿ ಇದ್ದದ್ದು ತಾನಾಗಿ ಹೋಗುವ ಹಾಗೆ ಮಾಡಿದೆವು. ಪ್ರತಿ ಕ್ಲೇಮ್ ಪಕ್ಕದಲ್ಲಿ ವಾಟ್ಸಾಪ್‌ನಲ್ಲಿರುವಂತೆ ಟಿಕ್ ಇಟ್ಟೆವು. ಒಂದು ಟಿಕ್ ಅಂದರೆ ಫೋನಿನಲ್ಲಿದೆ, ಎರಡು ಟಿಕ್ ಅಂದರೆ ಕಚೇರಿಗೆ ತಲುಪಿದೆ. ಯಾರಿಗೂ ವಿವರಿಸಿ ಹೇಳಬೇಕಾಗಲಿಲ್ಲ.

ಕೆಸರು ಮೆತ್ತಿದ ನಂಬರ್ ಪ್ಲೇಟಿಗೆ ಆಪ್‌ನಲ್ಲಿ ಪರಿಹಾರ ಇರಲಿಲ್ಲ. ಎಷ್ಟು ಒಳ್ಳೆಯ ಸ್ಕ್ಯಾನರ್ ಇದ್ದರೂ ಕಾಣದ ನಂಬರನ್ನು ಓದಲಾರದು. ಕಾರ್ಖಾನೆಯವರ ಜೊತೆ ಕೂತು ಮಾತಾಡಿ, ಡಬ್ಬದ ಒಳಗೆ ಅದೇ ನಂಬರಿನ ಇನ್ನೊಂದು ಸ್ಟಿಕ್ಕರ್ ಇಡಿಸಿದೆವು. ಮೋಟರ್ ಇಳಿಸುವ ದಿನ ಅದನ್ನು ಸ್ಟಾರ್ಟರ್ ಪೆಟ್ಟಿಗೆಯ ಬಾಗಿಲಿನ ಒಳಬದಿಗೆ ಅಂಟಿಸಬೇಕು. ಇಡೀ ಯೋಜನೆಯಲ್ಲಿ ನನಗೆ ಬಹಳ ಇಷ್ಟವಾದ ಭಾಗ ಇದು. ಒಂದು ಸಾಲು ಕೋಡ್ ಇಲ್ಲದೆ ಮೆಕ್ಯಾನಿಕ್‌ನ ಅರ್ಧ ಕಷ್ಟ ಹೋಯಿತು.

ಕನ್ನಡದ ಬಗ್ಗೆ ಒಂದು ಮಾತು ಹೇಳಲೇಬೇಕು. ಇಂಗ್ಲಿಷ್ ಲೆಕ್ಕದಲ್ಲಿ ಎತ್ತರ ಇಟ್ಟು ಮಾಡಿದ ಗುಂಡಿಗಳಲ್ಲಿ ಕನ್ನಡದ ಒತ್ತಕ್ಷರದ ಕೆಳಭಾಗ ಕತ್ತರಿಸಿ ಹೋಗುತ್ತದೆ. ಡಿಸೈನ್ ಮಾಡುವವರಿಗೆ ಮೊದಲ ದಿನವೇ ಕನ್ನಡದ ಸಾಲುಗಳನ್ನು ಕೊಟ್ಟು, ಅದರ ಮೇಲೇ ಪರದೆ ಬರೆಸಿದೆವು. ಫೋನಿನ ಸೆಟ್ಟಿಂಗ್‌ನಲ್ಲಿ ಅಕ್ಷರ ದೊಡ್ಡದು ಮಾಡಿಕೊಂಡವರು ತುಂಬಾ ಜನ, ಆ ಗಾತ್ರದಲ್ಲೂ ನೋಡಬೇಕು. ಆಪ್ ಆದಷ್ಟು ಹಗುರ ಇರಬೇಕು, ಯಾಕೆಂದರೆ ಆ ಫೋನುಗಳ ಜಾಗವೆಲ್ಲ ಶುಭೋದಯದ ಚಿತ್ರ, ವಿಡಿಯೋಗಳಿಂದ ತುಂಬಿರುತ್ತದೆ.

ಯಾವ ತಂತ್ರಜ್ಞಾನದಲ್ಲಿ ಮಾಡುವುದು ಅಂತ ಸಭೆಗಳಲ್ಲಿ ಜಾಸ್ತಿ ವಾದ ನಡೆಯುತ್ತದೆ. ಭಾರತದಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಫೋನು ಆಂಡ್ರಾಯ್ಡ್, ಮೆಕ್ಯಾನಿಕ್‌ಗಳದ್ದು ಹೆಚ್ಚುಕಡಿಮೆ ಎಲ್ಲವೂ ಅದೇ. ಮ್ಯಾನೇಜರ್‌ಗಳ ಹತ್ತಿರ ಐಫೋನ್. ಸಣ್ಣ ತಂಡ ಎರಡನ್ನೂ ನೋಡಿಕೊಳ್ಳಲಿ ಅಂತ, ಒಂದೇ ಕೋಡ್‌ನಿಂದ ಎರಡಕ್ಕೂ ಆಪ್ ಮಾಡಿಕೊಡುವ ಫ್ಲಟರ್ ಆರಿಸಿದೆವು. ಕ್ಯಾಮೆರಾ ಅಗ್ಗದ ಫೋನಿನಲ್ಲಿ ಚೆನ್ನಾಗಿ ಓಡುತ್ತದೆಯೇ ಎಂದು ಮೊದಲೇ ನೋಡಿಕೊಂಡೆವು. ಅದಕ್ಕಿಂತ ಹೆಚ್ಚು ಚರ್ಚೆ ಬೇಕಾಗಲಿಲ್ಲ.

ಸೇಲ್ಸ್ ಹುಡುಗರ ಆಪ್ ವಿಷಯದಲ್ಲಿ ಜಗಳವೇ ಆಯಿತು. ಹುಡುಗರು ದಿನವಿಡೀ ಎಲ್ಲಿದ್ದಾರೆ ಅಂತ ನಕ್ಷೆಯಲ್ಲಿ ಕಾಣಬೇಕು ಅನ್ನುವ ಬೇಡಿಕೆ ಬಂತು. ಆಂಡ್ರಾಯ್ಡ್ 10ರಿಂದ ಹಿನ್ನೆಲೆಯಲ್ಲಿ ಲೊಕೇಶನ್ ತೆಗೆದುಕೊಳ್ಳಲು ಪ್ರತ್ಯೇಕ ಅನುಮತಿ ಬೇಕು, ಪ್ಲೇ ಸ್ಟೋರಿಗೂ ಕಾರಣ ತೋರಿಸಬೇಕು. 2023ರಲ್ಲಿ ವೈಯಕ್ತಿಕ ಡೇಟಾ ರಕ್ಷಣೆಗೆ ಕಾನೂನೂ ಬಂದಿದೆ. ಆದರೆ ನಾನು ಇಟ್ಟ ಮೊದಲ ವಾದ ಕಾನೂನಿನದ್ದಲ್ಲ. ಊಟಕ್ಕೆ ಎಲ್ಲಿ ನಿಂತರು, ಮಗುವನ್ನು ಶಾಲೆಯಿಂದ ಕರೆತರಲು ಹೋದರಾ ಅನ್ನುವುದು ಕಂಪನಿಗೆ ಯಾಕೆ ಬೇಕು? ಡೀಲರ್ ಅಂಗಡಿಗೆ ಹೋದಾಗ ಅವರೇ ಗುಂಡಿ ಒತ್ತಿ ಭೇಟಿ ದಾಖಲಿಸಲಿ, ಆ ಕ್ಷಣದ ಜಾಗ ಮಾತ್ರ ಸಾಕು. ಬಹಳ ಎಳೆದಾಟದ ಮೇಲೆ ಇದೇ ಉಳಿಯಿತು. ಇದನ್ನು ಯೋಜನೆಯಲ್ಲಿ ಬರಹದಲ್ಲೇ ಇಟ್ಟಿದ್ದೇವೆ, ನಾಳೆ ಬೇರೆ ಮುಖ್ಯಸ್ಥರು ಬಂದರೂ ಸುಲಭವಾಗಿ ಬದಲಾಗಬಾರದು.

ಖರ್ಚಿನ ಲೆಕ್ಕವನ್ನು ಐದು ವರ್ಷಕ್ಕೆ ಹಾಕಿದೆ. ಆಪ್ ಕಟ್ಟುವ ಖರ್ಚು ಒಂದು ಸಲದ್ದು, ನೋಡಿಕೊಳ್ಳುವುದು ಪ್ರತಿ ವರ್ಷದ್ದು. ಆಂಡ್ರಾಯ್ಡ್‌ನ ಹೊಸ ಆವೃತ್ತಿಗೆ ಹೊಂದಿಸಿಕೊಳ್ಳಿ ಅಂತ ಗೂಗಲ್ ಪ್ರತಿ ವರ್ಷ ಗಡುವು ಕೊಡುತ್ತದೆ. ಹೊಂದಿಸದಿದ್ದರೆ ಹೊಸ ಫೋನ್ ಕೊಂಡವರಿಗೆ ಆ ಆಪ್ ಪ್ಲೇ ಸ್ಟೋರಿನಲ್ಲಿ ಸಿಗುವುದಿಲ್ಲ. ಹಾಗಾಗಿ ನೋಡಿಕೊಳ್ಳಲು ದುಡ್ಡು ಎತ್ತಿಡದ ಯಾವ ಆಪ್‌ಗೂ ಒಪ್ಪಿಗೆ ಇಲ್ಲ ಅಂತ ನಿಯಮ ಮಾಡಿದೆವು. ವಿಭಾಗಗಳ ಆಪ್ ಬೇಡಿಕೆ ಅರ್ಧಕ್ಕರ್ಧ ತಾನಾಗೇ ನಿಂತಿತು.

ಮೊದಲು ಹಾವೇರಿ ಜಿಲ್ಲೆಯ ಮೆಕ್ಯಾನಿಕ್‌ಗಳಿಗೆ ಮಾತ್ರ ಕೊಟ್ಟೆವು. ಪ್ಲೇ ಸ್ಟೋರಿನ ಕ್ಲೋಸ್ಡ್ ಟೆಸ್ಟಿಂಗ್‌ಗೆ (ಆಯ್ದವರಿಗೆ ಮಾತ್ರ ಆಪ್ ಕೊಟ್ಟು ಪರೀಕ್ಷಿಸುವುದು) ಅವರ ಜಿಮೇಲ್ ಬೇಕು. ಎಷ್ಟೋ ಜನಕ್ಕೆ ಅಂಗಡಿಯವರು ಫೋನಿಗೆ ಹಾಕಿಕೊಟ್ಟ ಜಿಮೇಲ್ ಯಾವುದು ಅಂತಲೇ ಗೊತ್ತಿರಲಿಲ್ಲ. ಸರ್ವಿಸ್ ಮೀಟಿಂಗ್‌ನಲ್ಲಿ ನಮ್ಮ ಹುಡುಗರು ಪಕ್ಕದಲ್ಲಿ ಕೂತು ಒಬ್ಬೊಬ್ಬರ ಫೋನಿನಲ್ಲೂ ಹುಡುಕಿ ಬರೆದುಕೊಂಡರು. ಇಂಥ ಕೆಲಸಕ್ಕೆ ಯೋಜನೆಯಲ್ಲೇ ಜನ ಮತ್ತು ದಿನ ಇಡಬೇಕು. ಬೇರೆ ಜಿಲ್ಲೆಗಳಿಗೆ ಹಂತಹಂತವಾಗಿ ಬಿಟ್ಟೆವು, ಪ್ರತಿ ಹಂತದಲ್ಲೂ ಕ್ರ್ಯಾಶ್ ಪ್ರಮಾಣ, ಅಂದರೆ ದಿನಕ್ಕೆ ಬಳಸುವವರಲ್ಲಿ ಎಷ್ಟು ಜನರಿಗೆ ಆಪ್ ಇದ್ದಕ್ಕಿದ್ದಂತೆ ನಿಂತುಹೋಯಿತು ಅನ್ನುವುದನ್ನು ನೋಡಿಕೊಂಡು. ಶೇ 1.09 ದಾಟಿದರೆ ಪ್ಲೇ ಸ್ಟೋರ್ ಅದನ್ನು ಕೆಟ್ಟ ಆಪ್ ಅಂತ ಎಣಿಸುತ್ತದೆ, ನಾವು ಅದಕ್ಕಿಂತ ಬಹಳ ಕೆಳಗೆ ಗೆರೆ ಹಾಕಿಕೊಂಡೆವು. ಮೇಲಿನವರಿಗೆ ಕೊಡುವ ವರದಿಯಲ್ಲಿ ಡೌನ್‌ಲೋಡ್ ಸಂಖ್ಯೆ ಇಲ್ಲ. ಕ್ಲೇಮ್ ಹಾಕಿದ ದಿನದಿಂದ ಮೆಕ್ಯಾನಿಕ್ ಖಾತೆಗೆ ದುಡ್ಡು ಬೀಳುವವರೆಗೆ ಎಷ್ಟು ದಿನ ಹಿಡಿಯಿತು ಅನ್ನುವುದೊಂದೇ ಇದೆ.

ಈಗ ನಡೆಯುತ್ತಿರುವುದು ಡೀಲರ್‌ಗಳ ಸರದಿ. ಆರ್ಡರ್ ಹಾಕುವ ಪರದೆ ಬೇಕು ಅಂತ ಕಚೇರಿಯಲ್ಲಿ ಎಲ್ಲರೂ ಅಂದುಕೊಂಡಿದ್ದರು. ಅಂಗಡಿಗಳಲ್ಲಿ ಕೇಳಿದರೆ, ಆರ್ಡರ್ ವಾಟ್ಸಾಪ್ ಧ್ವನಿ ಸಂದೇಶದಲ್ಲಿ ಆರಾಮಾಗಿ ಹೋಗುತ್ತಿದೆ. ಅವರಿಗೆ ಕಾಣದೆ ಇರುವುದು ತಮ್ಮ ಬಾಕಿ ಲೆಕ್ಕ, ಸ್ಕೀಮಿನ ರಿಯಾಯಿತಿಯ ಕ್ರೆಡಿಟ್ ನೋಟ್ (ಆ ಮೊತ್ತವನ್ನು ಅವರ ಲೆಕ್ಕಕ್ಕೆ ಜಮಾ ಮಾಡಿದ ಚೀಟಿ) ಬಂತೋ ಇಲ್ಲವೋ ಅನ್ನುವುದು. ಕಂಪನಿಯ ಲೆಕ್ಕಪತ್ರ ಇರುವ ನಮ್ಮ ಎಸ್‌ಎಪಿ ಸಾಫ್ಟ್‌ವೇರ್‌ನಿಂದ ಈ ಲೆಕ್ಕ ಹೊರಗೆ ಬರುವುದು ರಾತ್ರಿ ಒಮ್ಮೆ ಮಾತ್ರ. ಅದಕ್ಕೆ ಪರದೆಯ ಮೇಲೆ "ನಿನ್ನೆ ರಾತ್ರಿಯವರೆಗಿನ ಲೆಕ್ಕ" ಅಂತ ದೊಡ್ಡದಾಗಿ ಬರೆಯುತ್ತಿದ್ದೇವೆ, ಬೆಳಿಗ್ಗೆ ಕಟ್ಟಿದ ದುಡ್ಡು ಕಾಣದೆ ಡೀಲರ್ ಗಾಬರಿಯಾಗಬಾರದು. ಲೆಕ್ಕ ತಕ್ಷಣ ಕಾಣುವಂತೆ ಮಾಡುವ ಕೆಲಸ ಬೇರೆ ತಂಡದ ಜೊತೆ ಶುರುವಾಗಿದೆ. ಆರ್ಡರ್ ಪರದೆ ಅದರ ನಂತರ. ಅಲ್ಲಿಯವರೆಗೆ ವಾಟ್ಸಾಪ್ ಆರ್ಡರ್ ಹಾಗೇ ನಡೆಯಲಿ, ಅದನ್ನು ನಿಲ್ಲಿಸುವ ಅವಸರ ನಮಗಿಲ್ಲ.