ಬಿಳಿ ಕ್ಲಿಪ್ ಅಂಟಿಸುವಾಗಲೇ ಬಿಚ್ಚುವ ದಿನ ನೆನಪಿರಲಿ

'ಮೇಡಂ, ಎಲ್ಲಕ್ಕಿಂತ ಗಟ್ಟಿಯಾಗಿ ಹಿಡಿಯುವ ಅಂಟು ಯಾವುದು?' ಹಲ್ಲು ನೇರ ಮಾಡಲು ಅಂಟಿಸುವ ಬಿಳಿ ಕ್ಲಿಪ್, ಅಂದರೆ ಸೆರಾಮಿಕ್ ಬ್ರಾಕೆಟ್ ಕೂರಿಸಲು ಕಲಿಯುವ ಕಿರಿಯ ಡಾಕ್ಟರುಗಳು ಮೊದಲು ಕೇಳುವುದು ಇದನ್ನೇ. ಆದರೆ ಗಟ್ಟಿ ಜಾಸ್ತಿಯಾದರೂ ಕಷ್ಟ. ಸ್ಟೀಲ್ ಬ್ರಾಕೆಟ್ ಹಿಂಡಿದರೆ ಬುಡ ಬಾಗಿ ಬಿಟ್ಟುಕೊಳ್ಳುತ್ತದೆ. ಸೆರಾಮಿಕ್ ಬಾಗುವುದಿಲ್ಲ. ಒಂದೋ ಅದೇ ಒಡೆಯುತ್ತದೆ, ಇಲ್ಲವೇ ಹಲ್ಲಿನ ಗಟ್ಟಿ ಹೊರಪದರವಾದ ಎನಾಮಲ್ ಕಿತ್ತುಕೊಂಡು ಬರುತ್ತದೆ. 1980ರ ದಶಕದಲ್ಲಿ ಅಂಟಿನ ಜೊತೆ ರಾಸಾಯನಿಕವಾಗಿ ಬೆಸೆಯುವ ಸೈಲೇನ್ ಅನ್ನು ಬುಡಕ್ಕೆ ಲೇಪಿಸಿದ ಬ್ರಾಕೆಟ್‌ಗಳು ಬಂದಾಗ ಈ ತೊಂದರೆ ಜೋರಾಗಿತ್ತು. ಹಾಗಾಗಿ ಬುಡದ ತಗ್ಗು-ಉಬ್ಬುಗಳಲ್ಲಿ ಅಂಟು ಕಚ್ಚಿಕೊಳ್ಳುವ ಬ್ರಾಕೆಟ್‌ಗಳನ್ನೇ ನಾನು ಆರಿಸುತ್ತೇನೆ. ಅಂಟಿನ ಹಿಡಿತಕ್ಕೆ 6ರಿಂದ 8 ಮೆಗಾಪ್ಯಾಸ್ಕಲ್ (ಬಲ ಅಳೆಯುವ ಮಾನ) ಇದ್ದರೆ ಚಿಕಿತ್ಸೆಗೆ ಸಾಕು ಎಂದು ಸಂಶೋಧಕ ರೆನಾಲ್ಡ್ಸ್ 1975ರಲ್ಲೇ ಹೇಳಿದ್ದರು.

ಮೊದಲು ಎಣ್ಣೆಯಾಗಲಿ ಫ್ಲೋರೈಡ್ ಆಗಲಿ ಇಲ್ಲದ ಪ್ಯೂಮಿಸ್ ಕಲ್ಲಿನ ಪುಡಿಯಿಂದ ಹಲ್ಲು ಉಜ್ಜಿ. 37% ಫಾಸ್ಫಾರಿಕ್ ಆಸಿಡ್ ಜೆಲ್ 15ರಿಂದ 30 ಸೆಕೆಂಡ್ ಇಟ್ಟು, ಚೆನ್ನಾಗಿ ತೊಳೆದು, ಗಾಳಿ ಊದಿ ಒಣಗಿಸಿ. ಹಲ್ಲು ಸೀಮೆಸುಣ್ಣದ ಹಾಗೆ ಮಂಕು ಬಿಳಿಯಾಗಬೇಕು. ಅದರ ಮೇಲೆ ಎಂಜಲು ಬಿತ್ತೋ, ಒರೆಸಿ ಮುಂದುವರಿಯಬೇಡಿ. ತೊಳೆದು ಮತ್ತೆ ಎಚ್ ಮಾಡಿ, ಅಂದರೆ ಆಸಿಡ್ ಹಾಕಿ. ಅಂಟಿಗೂ ಮೊದಲು ಹಚ್ಚುವ ಪ್ರೈಮರ್ ತೆಳ್ಳಗಿರಲಿ. ಬ್ರಾಕೆಟ್ ಒತ್ತಿ ಕೂರಿಸಿ, ಸುತ್ತ ಹೊರಬಂದ ಅಂಟನ್ನು, ಅದನ್ನು ಗಟ್ಟಿಯಾಗಿಸುವ ಲೈಟ್ ಹಿಡಿಯುವ ಮೊದಲೇ ತೆಗೆಯಿರಿ. ಸೆರಾಮಿಕ್ ಬೆಳಕು ಬಿಡುತ್ತದೆ, ನೇರ ಅದರ ಮೇಲೆಯೇ ಲೈಟ್ ಹಿಡಿಯಬಹುದು.

ನಮ್ಮ ತುಮಕೂರಿನ ಕ್ಲಿನಿಕ್‌ಗೆ ಪಾವಗಡದ ಕಡೆಯಿಂದ ಬರುವ ಮಕ್ಕಳ ವಿಷಯವೇ ಬೇರೆ. ಬೋರ್‌ವೆಲ್ ನೀರಿನ ಫ್ಲೋರೈಡ್‌ನಿಂದ ಹಲ್ಲಿನ ಮೇಲೆ ಕಂದು ಕಲೆ. ಆ ಮೇಲ್ಪದರಕ್ಕೆ ಆಸಿಡ್ ಬೇಗ ನಾಟುವುದಿಲ್ಲ. ಮಂಕು ಬಿಳಿ ಬಣ್ಣ ಬರಲಿಲ್ಲವೆಂದರೆ ನಾನು 50 ಮೈಕ್ರಾನ್ ಅಲ್ಯುಮಿನಾ ಪುಡಿಯಿಂದ ಹಗುರವಾಗಿ ಸ್ಯಾಂಡ್‌ಬ್ಲಾಸ್ಟ್ ಮಾಡಿ, ಮತ್ತೆ ಎಚ್ ಮಾಡುತ್ತೇನೆ. ಹಲ್ಲಿನಲ್ಲಿ ಗುಳಿಗಳೇ ಬಿದ್ದಿದ್ದರೆ ಸೆರಾಮಿಕ್ ಬೇಡ, ಸ್ಟೀಲ್ ಹಾಕಿಸಿ ಅಂತ ಅಪ್ಪ-ಅಮ್ಮನಿಗೆ ಕೂರಿಸಿಕೊಂಡು ಹೇಳುತ್ತೇನೆ. ಮಗುವಿಗೆ ಬೇಜಾರಾಗುತ್ತದೆ, ನಿಜ. ಆದರೆ ಮೊದಲೇ ಸೋತ ಎನಾಮಲ್ ಬಿಚ್ಚುವಾಗ ಚಕ್ಕೆ ಎದ್ದರೆ ಮತ್ತೆ ಬೆಳೆಯುವುದಿಲ್ಲ ಅಲ್ವಾ? ಮೇಲಿನ ಹಲ್ಲು ಕೆಳಗಿನದನ್ನು ಪೂರ್ತಿ ಮುಚ್ಚುವಂಥ ಕಚ್ಚು ಇದ್ದರೂ ಕೆಳಗೆ ಸೆರಾಮಿಕ್ ಹಾಕಬೇಡಿ. ಅದು ಎನಾಮಲ್‌ಗಿಂತ ಗಟ್ಟಿ, ಮೇಲಿನ ಹಲ್ಲನ್ನು ಸವೆಸುತ್ತದೆ.

ಬಿಚ್ಚುವಾಗ ರೋಗಿಯ ಕಣ್ಣಿಗೆ ಕನ್ನಡಕ, ಬಾಯೊಳಗೆ ಗಾಜ್ ಬಟ್ಟೆ ಇರಲಿ, ಚೂರು ಸಿಡಿಯಬಹುದು. ಬ್ರಾಕೆಟ್ ಸುತ್ತ ಉಳಿದ ಅಂಟನ್ನು ಬರ್ ಎಂಬ ಸಣ್ಣ ಕೊರೆಯುವ ತುದಿಯಿಂದ ತೆಗೆದು, ಆ ಕಂಪನಿಯೇ ಹೇಳಿದ ಪ್ಲೈಯರ್‌ನಿಂದ, ಅವರು ಹೇಳಿದ ಕಡೆಯೇ ಹಿಡಿದು ನಿಧಾನವಾಗಿ ಹಿಂಡಿ. ತಿರುಚಬೇಡಿ. ಅಂಟೆಲ್ಲ ಹಲ್ಲಿನ ಮೇಲೇ ಉಳಿದರೆ ಖುಷಿಪಡಿ, ಎನಾಮಲ್ ಉಳಿಯಿತು ಅಂತಲೇ ಅರ್ಥ. ಸೆರಾಮಿಕ್ ಚೂರು ಉಳಿದರೆ ಡೈಮಂಡ್ ಬರ್, ಜೊತೆಗೆ ಧಾರಾಳ ನೀರು. ಬಿಸಿ ಹಲ್ಲಿನ ಒಳಗಿನ ಪಲ್ಪ್‌ಗೆ ತಾಕಬಾರದು. ಬರೀ ಅಂಟಾದರೆ ಟಂಗ್‌ಸ್ಟನ್ ಕಾರ್ಬೈಡ್ ಬರ್ ಸಾಕು, ಕಡಿಮೆ ವೇಗದಲ್ಲಿ. ಆಗಾಗ ನಿಲ್ಲಿಸಿ ಗಾಳಿ ಊದಿ ನೋಡಿ: ಒದ್ದೆ ಹಲ್ಲಿನಲ್ಲಿ ಅಂಟು ಕಾಣುವುದೇ ಇಲ್ಲ, ಒಣಗಿದ ಕೂಡಲೇ ಹೊಳಪಿಲ್ಲದ ತೇಪೆಯಾಗಿ ಎದ್ದು ಕಾಣುತ್ತದೆ. ಅದಷ್ಟೂ ಹೋದ ಮೇಲೆ ಪ್ಯೂಮಿಸ್ ಹಾಕಿ ಪಾಲಿಶ್ ಮಾಡಿ.